ನಿಮಗಿದು ಗೊತ್ತೆ? ಫೈಟರ್‌ಗಳನ್ನೇ ಹಿಂದಿಕ್ಕಿದ ಬಾಂಬರ್

ಎರಡು ಜೊತೆ ರೆಕ್ಕೆಯ ವಿಮಾನ ನಿಧಾನಗತಿಯದು ಎಂಬ ನಂಬಿಕೆಯನ್ನು ಬ್ರಿಟನ್ನಿನ ಹಾಕರ್ ಹಾರ್ಟ್ ಬಾಂಬರ್ ಸುಳ್ಳು ಮಾಡಿತು. ಸಿಡ್ನಿ ಕ್ಯಾಮ್ ವಿನ್ಯಾಸಗೊಳಿಸಿದ ಇದು ಮೊದಲು ಹಾರಿದ್ದು 1928ರಲ್ಲಿ, ವಾಯುಪಡೆ ಸೇರಿದ್ದು 1930ರಲ್ಲಿ. ಇದರ ಗರಿಷ್ಠ ವೇಗ ಗಂಟೆಗೆ ಸುಮಾರು 296 ಕಿ.ಮೀ.; ಅದನ್ನು ತಡೆಯಬೇಕಿದ್ದ ಬ್ರಿಸ್ಟಲ್ ಬುಲ್‌ಡಾಗ್ ಫೈಟರ್‌ನದು ಸುಮಾರು 280. ಗುಟ್ಟು ಇದ್ದದ್ದು ಮೂತಿಯಲ್ಲಿ. ಬುಲ್‌ಡಾಗ್‌ನ ಎಂಜಿನ್‌ನಲ್ಲಿ ಸಿಲಿಂಡರುಗಳು ವೃತ್ತಾಕಾರದಲ್ಲಿ ಹರಡಿಕೊಂಡು ಗಾಳಿಗೆ ಎದೆಯೊಡ್ಡುತ್ತಿದ್ದವು. ಹಾರ್ಟ್‌ನ ರೋಲ್ಸ್ ರಾಯ್ಸ್ ಕೆಸ್ಟ್ರೆಲ್ ಎಂಜಿನ್‌ನಲ್ಲಾದರೋ 12 ಸಿಲಿಂಡರುಗಳು ಎರಡು ಸಾಲಾಗಿ ಒಂದರ ಹಿಂದೊಂದು ನಿಂತು, ಮೂತಿ ಚೂಪಾಗಿ ಗಾಳಿಯನ್ನು ಸೀಳುತ್ತಿತ್ತು.

ಹೊತ್ತದ್ದು ಬರೀ 227 ಕಿಲೋ ಬಾಂಬು, ಹಗುರ ವಿಮಾನಕ್ಕೆ ವೇಗ ಬಂದರೆ ಏನು ಹೆಚ್ಚುಗಾರಿಕೆ ಎಂದು ಯಾರಾದರೂ ಕೇಳಬಹುದು. ಹೊರೆ ಕಡಿಮೆಯಿತ್ತು, ನಿಜ. ಆದರೆ ಪೈಲಟ್ ಜೊತೆಗೆ ಒಬ್ಬ ಗನ್ನರ್ ಕೂಡ ಇದರಲ್ಲಿದ್ದ. ಬಾಂಬು ಎಸೆಯುವಾಗ ಆತ ಪೈಲಟ್ ಸೀಟಿನ ಕೆಳಗೆ ಬೋರಲಾಗಿ ಮಲಗಿ ಗುರಿ ಹಿಡಿಯಬೇಕಿತ್ತು. ಇಷ್ಟೆಲ್ಲ ಹೊತ್ತೂ ಅದು ಮುಂದೆ ಹೋಯಿತೆಂಬುದೇ ದೊಡ್ಡ ಮಾತು. ಹಾರ್ಟ್ ಅನ್ನು ಹಿಡಿಯಲು ಹಾರ್ಟ್ ಅನ್ನೇ ಮಾರ್ಪಡಿಸಿ 'ಡೀಮನ್' ಎಂಬ ಫೈಟರ್ ಮಾಡಬೇಕಾಯಿತು ಎನ್ನುವುದಕ್ಕಿಂತ ಬೇರೆ ಸಾಕ್ಷಿ ಬೇಕೆ? ಒಂದೇ ಜೊತೆ ರೆಕ್ಕೆಯ ವಿಮಾನಗಳ ಮುಂದೆ ಅದು ಬೇಗ ಹಳತಾಯಿತೆಂಬ ಆಕ್ಷೇಪವೂ ಸರಿಯೇ. ಆದರೆ ಅಂಥದ್ದೊಂದಾದ ಹರಿಕೇನ್ ಅನ್ನು ರೂಪಿಸಿದವರೂ ಇದೇ ಕ್ಯಾಮ್.