ವೇಗದ ಕಾರು: ಸ್ವಂತ ಕೈಯೋ, ಕಸಬಿನವರ ಕೈಯೋ?



ಕನ್ನಡ ಕಲಿಸುವ ಮಾಸ್ತರನು ಮೋಟಾರಿನ ವಿಷಯವಾಗಿ ಲೇಖನ ಬರೆಯಲು ಹೊರಟಿರುವುದನ್ನು ಕಂಡು ನಿಮಗೆ ನಗೆ ಬಂದರೆ ಆಶ್ಚರ್ಯವಿಲ್ಲ. ಆದರೆ ಚಿಕಲಠಾಣೆಯಲ್ಲಿ ಮನೆ ಮಾಡಿಕೊಂಡವನ ಕಿವಿಗೆ ಯಂತ್ರದ ಮಾತು ಬೀಳದೆ ಇರಲಾರದು. ಛತ್ರಪತಿ ಸಂಭಾಜಿನಗರದ ಪೂರ್ವಭಾಗದಲ್ಲಿ, ಜಾಲನಾ ರಸ್ತೆಯ ಬದಿಗೆ ಹಬ್ಬಿರುವ ಇಲ್ಲಿಯ ಕೈಗಾರಿಕಾ ವಸಾಹತಿನಲ್ಲಿ ಹೊತ್ತು ತಿಳಿಯುವುದೇ ಕಾರ್ಖಾನೆಯ ಭೋಂಗಾದಿಂದ. ನಗರದ ಇನ್ನೊಂದು ಮಗ್ಗುಲಿನ ವಾಳೂಜದಲ್ಲಿ 1985ರಲ್ಲಿ ಬಜಾಜ್ ಕಂಪನಿಯ ಕಾರ್ಖಾನೆ ಬಂದಿತು. ನಮ್ಮ ಪೂರ್ವಕ್ಕಿರುವ ಶೇಂದ್ರಾದಲ್ಲಿ 2001ರಲ್ಲಿ ಸ್ಕೋಡಾ ಕಾರುಗಳ ಜೋಡಣೆ ಆರಂಭವಾಯಿತು. ಊರಿಗೆ ಔರಂಗಾಬಾದ ಎಂಬ ಹೆಸರಿದ್ದಾಗ, 2010ರ ಅಕ್ಟೋಬರದಲ್ಲಿ, ಇಲ್ಲಿಯ ಉದ್ಯಮಿಗಳೂ ವೈದ್ಯರೂ ಮತ್ತಿತರರೂ ಒಟ್ಟುಗೂಡಿ ಒಂದೇ ಸಲಕ್ಕೆ ಸುಮಾರು 150 ಮರ್ಸಿಡಿಸ್ ಕಾರುಗಳನ್ನು ಕೊಂಡು ದೇಶವೇ ಹುಬ್ಬೇರಿಸುವಂತೆ ಮಾಡಿದ್ದರು. ಇಂಥ ಊರಿನ ಹುಡುಗರಿಗೆ ಕಾರಿನ ಹುಚ್ಚು ಹಿಡಿದರೆ ತಪ್ಪು ಯಾರದು?

ಕಳೆದ ದೀಪಾವಳಿಯ ರಜೆಯಲ್ಲಿ ನನ್ನ ಹಳೆಯ ವಿದ್ಯಾರ್ಥಿಯೊಬ್ಬನು ಮನೆಗೆ ಬಂದನು. ಐ.ಟಿ.ಐ. ಮುಗಿಸಿ ಇಲ್ಲಿಯದೇ ಯಂತ್ರಶಾಲೆಯೊಂದರಲ್ಲಿ ಟರ್ನರನಾಗಿದ್ದಾನೆ. ಮೂರು ವರ್ಷ ಕೂಡಿಟ್ಟ ಹಣದಿಂದ ಹಳೆಯ ಸ್ಕೋಡಾ ಕಾರೊಂದನ್ನು ಕೊಂಡಿದ್ದನು. ಟರ್ಬೊ ಇರುವ ಪೆಟ್ರೋಲ್ ಎಂಜಿನ್ನಿನದು. ಅದನ್ನು ಓಟದ ಕಾರಿನಂತೆ ಮಾಡುವುದು ಅವನ ಹಂಬಲ.

"ಸರ್, ಸ್ಪ್ರಿಂಗನ್ನು ಎರಡು ಸುತ್ತು ಕತ್ತರಿಸಿ ಕಾರನ್ನು ತಗ್ಗಿಸುತ್ತೇನೆ. ದೊಡ್ಡ ಬ್ರೇಕು ಕೂಡಿಸುತ್ತೇನೆ. ಎಂಜಿನ್ನಿನ ಶಕ್ತಿ ಹೆಚ್ಚಿಸುತ್ತೇನೆ. ಗ್ಯಾರೇಜಿನವರು ಕೇಳುವ ಮಜೂರಿ ನನ್ನ ಎರಡು ತಿಂಗಳ ಪಗಾರ. ಲೇತು ನಡೆಸಲು ಬಂದವನಿಗೆ ಇಷ್ಟು ಬಾರದೇ?" ಎಂದನು. ಅವನ ಹಿಂದೆಯೇ ಬಂದಿದ್ದ ತಾಯಿ, "ಮಾಸ್ತರೇ, ನೀವಾದರೂ ಒಂದು ಮಾತು ಹೇಳಿರಿ" ಎಂದರು. ಅವನ ಪ್ರಶ್ನೆ ನ್ಯಾಯವಾದುದೇ ಆಗಿತ್ತು. ಅಂದು ಅವನಿಗೆ ಹೇಳಿದುದನ್ನೇ ಇಲ್ಲಿ ಸ್ವಲ್ಪ ವಿಸ್ತರಿಸಿ ಬರೆಯುತ್ತಿದ್ದೇನೆ.

ಮೊದಲು ನನ್ನ ಅವಿವೇಕದ ಕಥೆ. ಕೆಲವು ವರ್ಷಗಳ ಹಿಂದೆ ನನ್ನ ಮೋಟಾರುಸೈಕಲ್ಲಿನ ಮುಂದಿನ ಬ್ರೇಕಿನ ಎಣ್ಣೆಯನ್ನು ನಾನೇ ಬದಲಿಸಿದೆನು. ಬಿರಡೆ ಸಡಿಲಾಗಿ ಎಷ್ಟೋ ತಿಂಗಳಿಂದ ಕಪಾಟಿನಲ್ಲಿದ್ದ ಅರ್ಧ ಸೀಸೆ ಎಣ್ಣೆಯನ್ನು ಹೊಯ್ದು, ನಟ್ಟು ಬಿಗಿದು, ಅಂಗಳದಲ್ಲಿ ಒಂದು ಸುತ್ತು ಹಾಕಿ ತೃಪ್ತನಾದೆನು. ಮರುದಿನ ಕೇಂಬ್ರಿಜ್ ಚೌಕದ ಸಮೀಪ ಹಿಡಿಕೆಯನ್ನು ಒತ್ತಿದರೆ ಅದು ಪುಗ್ಗೆಯಂತೆ ಮೆತ್ತಗೆ ಒಳಗೆ ಸರಿಯಿತು, ಗಾಡಿ ನಿಲ್ಲಲಿಲ್ಲ. ಹಿಂದಿನ ಬ್ರೇಕನ್ನು ತುಳಿದು ಓರೆಯಾಗಿ ಜಾರಿ, ಪೇರಲಹಣ್ಣಿನ ಕೈಗಾಡಿಯೊಂದಕ್ಕೆ ತಗಲಿ ನಿಂತೆನು. ಮಾರುವಾತ ಗಾಡಿಯ ಆಚೆ ಬದಿಗೆ ನಿಂತಿದ್ದುದರಿಂದ ಉಳಿದನು. ಈಚೆ ಬದಿಗೆ ನಿಂತಿದ್ದರೆ? ಹಣ್ಣಿನ ಬೆಲೆ ಕೊಟ್ಟು ಮನೆಗೆ ಬಂದೆನು. ಆದರೆ ಆ ಪ್ರಶ್ನೆ ಇಂದಿಗೂ ಬಿಟ್ಟಿಲ್ಲ.

ತಪ್ಪು ಎಲ್ಲಿತ್ತೆಂಬುದು ತಿಳಿಯಬೇಕಾದರೆ ಬ್ರೇಕು ಕೆಲಸ ಮಾಡುವ ಬಗೆಯನ್ನು ಅರಿಯಬೇಕು. ದ್ರವವನ್ನು ಒತ್ತಿದರೆ ಅದು ಕುಗ್ಗುವುದಿಲ್ಲವೆನ್ನಬಹುದು. ಆದುದರಿಂದ ನಮ್ಮ ಕೈಯ ಅಥವಾ ಕಾಲಿನ ಒತ್ತಡವನ್ನು ಅದು ಗಾಲಿಯವರೆಗೆ ನಿಷ್ಠೆಯಿಂದ ಮುಟ್ಟಿಸುತ್ತದೆ. ಗಾಳಿ ಹಾಗಲ್ಲ, ಒತ್ತಿದಷ್ಟೂ ಕುಗ್ಗುತ್ತದೆ. ಕೊಳವೆಯಲ್ಲಿ ಗಾಳಿಯ ಗುಳ್ಳೆ ಉಳಿದರೆ ನಮ್ಮ ಬಲವೆಲ್ಲವೂ ಆ ಗುಳ್ಳೆಯನ್ನು ಹಿಂಡುವುದರಲ್ಲಿಯೇ ಮುಗಿಯುತ್ತದೆ. ಎರಡನೆಯದಾಗಿ, ಈ ಎಣ್ಣೆ ಗಾಳಿಯಲ್ಲಿಯ ತೇವವನ್ನು ಹೀರುವ ಸ್ವಭಾವದ್ದು. ಡಾಟ್ 3 ಎಂಬ ದರ್ಜೆಯ ಹೊಸ ಎಣ್ಣೆಯು ಕನಿಷ್ಠ 205 ಡಿಗ್ರಿ ಸೆಂಟಿಗ್ರೇಡಿನವರೆಗೆ ಕುದಿಯದಿರಬೇಕೆಂದು ನಿಯಮವಿದೆ. ನೂರಕ್ಕೆ ನಾಲ್ಕು ಪಾಲಿಗೂ ಕಡಿಮೆ ನೀರು ಸೇರಿದರೆ ಆ ಮಿತಿ 140 ಡಿಗ್ರಿಗೆ ಇಳಿಯುತ್ತದೆ. ಮೇಲಿಂದ ಮೇಲೆ ಬ್ರೇಕು ಒತ್ತಿ ಕಾವೇರಿದಾಗ ಅಂಥ ಎಣ್ಣೆ ಕುದಿದು, ತಾನೇ ಆವಿಯ ಗುಳ್ಳೆಗಳನ್ನು ಹುಟ್ಟಿಸುತ್ತದೆ. ನನ್ನ ಅಂಗಳದ ಪರೀಕ್ಷೆಯಲ್ಲಿ ಇದೊಂದೂ ಕಾಣಿಸುವಂತಿರಲಿಲ್ಲ. ತಪ್ಪು ಅಡಗಿ ಕುಳಿತು, ವೇಗ ಬಂದಾಗ ಮಾತ್ರ ಹೊರಬಂದಿತು.

ವೇಗದ ಲೆಕ್ಕವನ್ನೂ ಇಲ್ಲಿಯೇ ನೋಡಿಬಿಡೋಣ. ಗಂಟೆಗೆ 36 ಕಿ.ಮೀ. ಎಂದರೆ ಸೆಕೆಂಡಿಗೆ 10 ಮೀಟರು. ಒಳ್ಳೆಯ ಬ್ರೇಕು ಪ್ರತಿ ಸೆಕೆಂಡಿಗೆ 7 ಮೀಟರಿನಷ್ಟು ವೇಗವನ್ನು ತಗ್ಗಿಸುವುದೆಂದು ಹಿಡಿದರೆ ಕಾರು ಸುಮಾರು 7 ಮೀಟರಿನಲ್ಲಿ ನಿಲ್ಲುತ್ತದೆ. ವೇಗವನ್ನು 72ಕ್ಕೆ ಏರಿಸಿರಿ. ದೂರವು ಇಮ್ಮಡಿಯಾಗಿ 14 ಆಗುವುದಿಲ್ಲ, ನಾಲ್ಮಡಿಯಾಗಿ 28 ಮೀಟರನ್ನು ದಾಟುತ್ತದೆ. ಇದರ ಮೇಲೆ, ಕಣ್ಣು ಕಂಡು ಕಾಲು ಒತ್ತುವ ಒಂದು ಸೆಕೆಂಡಿನಲ್ಲಿ ಇನ್ನೂ 20 ಮೀಟರು ಹೋಗಿರುತ್ತದೆ. ಎಂಜಿನ್ನಿನ ಶಕ್ತಿ ಹೆಚ್ಚಿಸಬೇಕೆನ್ನುವವರು ಈ ವರ್ಗದ ನಿಯಮವನ್ನು ಮೊದಲು ಬಾಯಿಪಾಠ ಮಾಡುವುದು ಲೇಸು.

ಇನ್ನು ಸ್ಪ್ರಿಂಗು. ಕತ್ತರಿಸಿದರೆ ಕಾರು ತಗ್ಗುವುದೇನೋ ನಿಜ. ಆದರೆ ಸುರುಳಿಯ ಬಿರುಸು ಅದರ ಸುತ್ತುಗಳ ಸಂಖ್ಯೆಗೆ ವಿಲೋಮವಾಗಿರುತ್ತದೆ. ಕೆಲಸ ಮಾಡುವ ಎಂಟು ಸುತ್ತುಗಳಲ್ಲಿ ಎರಡನ್ನು ತೆಗೆದರೆ ಉಳಿದ ಆರು ಸುತ್ತಿನ ಸ್ಪ್ರಿಂಗು ಮೂರನೆಯ ಒಂದು ಪಾಲಿನಷ್ಟು ಹೆಚ್ಚು ಬಿರುಸಾಗುತ್ತದೆ. ಅದರ ಜೊತೆಯಲ್ಲಿ ದುಡಿಯುವ ಶಾಕ್ ಅಬ್ಸಾರ್ಬರು ಹಳೆಯ ಬಿರುಸಿಗೆಂದು ಮಾಡಿದ್ದು. ಹೊಸದನ್ನು ಅದು ತಡೆಯಲಾರದೆ ಕಾರು ಕುಣಿಯತೊಡಗುತ್ತದೆ. ಕತ್ತರಿಸಿದ ತುದಿ ತನ್ನ ಕುಳಿಯಲ್ಲಿ ಸರಿಯಾಗಿ ಕೂಡುವುದಿಲ್ಲ; ದೊಡ್ಡ ತಗ್ಗಿನಲ್ಲಿ ಗಾಲಿ ಇಳಿಬಿದ್ದಾಗ ಸ್ಪ್ರಿಂಗು ಜಾಗ ಬಿಟ್ಟು ಸರಿಯಬಹುದು. ನಮ್ಮ ರಸ್ತೆಗಳಲ್ಲಿ ದೊಡ್ಡ ತಗ್ಗಿಗೆ ಬರವಿಲ್ಲ.

ಅದಕ್ಕೂ ಮೊದಲು ಅದನ್ನು ಹೊರತೆಗೆಯುವ ಅಪಾಯವೊಂದಿದೆ. ಒಂದು ಮಿಲಿಮೀಟರು ಒತ್ತಲು 2 ಕೆ.ಜಿ. ಭಾರ ಬೇಕಾಗುವ ಸ್ಪ್ರಿಂಗನ್ನು 150 ಮಿ.ಮೀ. ಒತ್ತಿ ಹಿಡಿದರೆ ಅದರಲ್ಲಿ ಅಡಗಿರುವ ಶಕ್ತಿಯು 22 ಕೆ.ಜಿ.ಗೂ ಮಿಕ್ಕಿದ ಗುಂಡೊಂದು ಒಂದು ಮೀಟರು ಎತ್ತರದಿಂದ ಬೀಳುವುದಕ್ಕೆ ಸಮ. ಅದನ್ನು ಒತ್ತಿ ಹಿಡಿಯುವ ಯೋಗ್ಯ ಸಾಧನವಿಲ್ಲದೆ ಮೇಲಿನ ನಟ್ಟು ಬಿಚ್ಚಿದವನ ಮುಖದ ಎದುರಿಗೇ ಆ ಶಕ್ತಿ ಬಿಡುಗಡೆಯಾಗುತ್ತದೆ. ಜಾಕಿನ ಮೇಲೆ ನಿಂತ ಕಾರಿನ ಕೆಳಗೆ ತೂರುವುದೂ ಇದೇ ಜಾತಿಯ ಸಾಹಸ. ಜಾಕು ಎತ್ತುವುದಕ್ಕಾಗಿ ಇದೆ, ಹೊತ್ತು ನಿಲ್ಲುವುದಕ್ಕಲ್ಲ. ಗಟ್ಟಿ ಆಧಾರಗಂಬ ಇಡದೆ ಕೆಳಗೆ ಹೋಗತಕ್ಕದ್ದಲ್ಲ.

ಎಂಜಿನ್ನಿನ ವಿಷಯ ಇನ್ನೂ ಸೂಕ್ಷ್ಮ. ಒಂದು ತೂಕ ಪೆಟ್ರೋಲು ಪೂರ್ಣವಾಗಿ ಉರಿಯಲು ಸುಮಾರು 14.7 ತೂಕ ಗಾಳಿ ಬೇಕು. ಟರ್ಬೊ ಎಂಬುದು ಹೊಗೆಯ ರಭಸದಿಂದ ತಿರುಗಿ, ಸಿಲಿಂಡರಿಗೆ ಹೆಚ್ಚು ಗಾಳಿಯನ್ನು ತುಂಬುವ ಪಂಖ. ಎಷ್ಟು ಗಾಳಿ, ಎಷ್ಟು ಇಂಧನ, ಕಿಡಿ ಯಾವ ಕ್ಷಣಕ್ಕೆ ಎಂಬುದನ್ನು ಕಾರಿನಲ್ಲಿಯ ಗಣಕಯಂತ್ರ ನಿಶ್ಚಯಿಸುತ್ತದೆ. ಆ ಲೆಕ್ಕವನ್ನು ತಿದ್ದಿ ಹೆಚ್ಚು ಗಾಳಿಯನ್ನು ತುರುಕಿದರೆ ಶಕ್ತಿ ಹೆಚ್ಚುವುದು ಸತ್ಯ. ಒತ್ತಡ ಮಿತಿ ಮೀರಿದರೆ, ಕಿಡಿಯಿಂದ ಹೊರಟ ಜ್ವಾಲೆ ಬಂದು ಮುಟ್ಟುವ ಮುನ್ನವೇ ಮಿಶ್ರಣವು ತಾನಾಗಿ ಸಿಡಿಯುವುದೂ ಸತ್ಯ. ಸುತ್ತಿಗೆಯಿಂದ ಬಡಿದಂತೆ ಕೇಳುವ ಆ ಸದ್ದು ಬಹುಕಾಲ ಮುಂದುವರಿದರೆ ಪಿಸ್ಟನ್ನು ಒಡೆಯುತ್ತದೆ, ಇಲ್ಲವೆ ಕರಗುತ್ತದೆ. ಸೈಲೆನ್ಸರು ಕಿತ್ತು ಹಾಕಿ ಶಕ್ತಿ ಬಂದಿತೆಂದು ಭ್ರಮಿಸುವ ನಮ್ಮ ಓಣಿಯ ಮೋಟಾರುಸೈಕಲ್ ವೀರರ ವಿಷಯವನ್ನು ನಾನು ಎತ್ತುವುದೇ ಇಲ್ಲ. ಅವರಿಗೆ ಬರುವುದು ಸದ್ದು, ನೆರೆಯವರಿಗೆ ತಲೆಶೂಲೆ.

ಹಾಗಾದರೆ ಎಲ್ಲವನ್ನೂ ಗ್ಯಾರೇಜಿಗೇ ಒಪ್ಪಿಸಬೇಕೇ? ಹಾಗೆಂದರೆ ಮೋಟಾರಿನ ಇತಿಹಾಸವೇ ನಗುತ್ತದೆ. ನ್ಯೂಜಿಲೆಂಡಿನ ಬರ್ಟ್ ಮನ್ರೊ 1920ರಲ್ಲಿ ಇಂಡಿಯನ್ ಸ್ಕೌಟ್ ಎಂಬ ಮೋಟಾರುಸೈಕಲ್ಲನ್ನು ಕೊಂಡನು. ಅದರ ವೇಗ ಆಗ ಗಂಟೆಗೆ ಹೆಚ್ಚೆಂದರೆ 90 ಕಿ.ಮೀ. ಆತನು ತನ್ನ ಕೊಠಡಿಯಲ್ಲಿ ಹಳೆಯ ಡಬ್ಬಿಗಳಲ್ಲಿ ಪಿಸ್ಟನ್ನುಗಳನ್ನು ಎರಕ ಹೊಯ್ದು, ತಾನೇ ಅರೆದು, ದಶಕಗಟ್ಟಲೆ ಅದೊಂದೇ ಗಾಡಿಯನ್ನು ತಿದ್ದಿದನು. 1967ರಲ್ಲಿ, ತನ್ನ 68ನೆಯ ವಯಸ್ಸಿನಲ್ಲಿ, ಅಮೆರಿಕದ ಬಾನ್‌ವಿಲ್ ಉಪ್ಪಿನ ಬಯಲಿನಲ್ಲಿ ಅದನ್ನು ಗಂಟೆಗೆ 296 ಕಿ.ಮೀ. ವೇಗದಲ್ಲಿ ಓಡಿಸಿ ತನ್ನ ವರ್ಗದ ದಾಖಲೆ ಸ್ಥಾಪಿಸಿದನು. ಇಂಗ್ಲೆಂಡಿನ ಕಾಲಿನ್ ಚಾಪ್‌ಮನ್ 1948ರಲ್ಲಿ ಹಳೆಯ ಆಸ್ಟಿನ್ ಸೆವೆನ್ ಕಾರೊಂದನ್ನು ಸ್ವಂತ ಕೈಯಿಂದ ಮಾರ್ಪಡಿಸಿದುದೇ ಲೋಟಸ್ ಎಂಬ ಪ್ರಖ್ಯಾತ ಕಾರುಗಳ ಮೂಲ. ಮುಂದೆ 1957ರಲ್ಲಿ ಆತನ ಕಂಪನಿ ಹೊರತಂದ ಲೋಟಸ್ ಸೆವೆನ್ ಕಾರನ್ನು ಬಿಡಿಭಾಗಗಳಾಗಿಯೂ ಮಾರುತ್ತಿದ್ದರು. ಕೊಂಡವನೇ ಜೋಡಿಸಿಕೊಂಡರೆ ತೆರಿಗೆ ಉಳಿಯುತ್ತಿತ್ತು.

ನನ್ನ ವಿದ್ಯಾರ್ಥಿಗೆ ಮನ್ರೊನ ಹೆಸರು ಗೊತ್ತಿತ್ತು. ಆದರೆ ಆತನು ಮುರಿದು ಹಾಳಾದ ಭಾಗಗಳನ್ನು ಎಸೆಯದೆ ಹಲಗೆಯ ಮೇಲೆ ಸಾಲಾಗಿ ಇಟ್ಟು, ವೇಗದೇವತೆಗೆ ಕಾಣಿಕೆಯೆಂದು ಬರೆದಿದ್ದನೆಂಬುದು ಗೊತ್ತಿರಲಿಲ್ಲ. ಆ ಸಾಲು ಬಹಳ ಉದ್ದವಾಗಿತ್ತು. ಗಾಡಿ ಬಿದ್ದು ಪೆಟ್ಟು ತಿಂದಾಗಲೆಲ್ಲ ತಿಂದವನು ಮನ್ರೊನೇ. ನಿರ್ಜನವಾದ ಬಯಲಿನಲ್ಲಿ ಪೇರಲಹಣ್ಣು ಮಾರುವವರು ಇರಲಿಲ್ಲ.

ನಾನು ಅವನಿಗೆ ಕೊಟ್ಟ ಒರೆಗಲ್ಲು ಇದು: "ತಮ್ಮಾ, ಈ ಕೆಲಸ ಕೆಟ್ಟರೆ ಪೆಟ್ಟು ಬೀಳುವುದು ಯಾರಿಗೆ? ಸರಿಯಾಗಿದೆಯೋ ಇಲ್ಲವೋ ಎಂಬುದನ್ನು ಓಡಿಸುವ ಮೊದಲೇ ಅಳೆದು ನೋಡುವ ಸಾಧನ ನಿನ್ನಲ್ಲಿದೆಯೇ?" ಗಾಳಿಯ ಜಾಳಿಗೆ ಬದಲಿಸುವುದು, ಪ್ಲಗ್ಗು ತೆಗೆದು ನೋಡುವುದು, ಆಸನ, ದೀಪದ ಗಾಜು ಇವುಗಳಲ್ಲಿ ತಪ್ಪಿದರೆ ಕಾರು ಮುಗ್ಗರಿಸುತ್ತದೆ, ಇಲ್ಲವೆ ಹೊರಡುವುದೇ ಇಲ್ಲ, ತಪ್ಪು ಅಂಗಳದಲ್ಲಿಯೇ ಬಯಲಾಗುತ್ತದೆ. ಇವೆಲ್ಲ ಸ್ವಂತ ಕೈಯ ಕೆಲಸ. ಗಾಲಿಯ ಬೋಲ್ಟನ್ನೂ ಬಿಗಿಯಬಹುದು. ಆದರೆ ಕಾಲಿನಿಂದ ಪಾನಾ ತುಳಿದಲ್ಲ, ಬಿಗಿತ ಅಳೆಯುವ ಪಾನಾದಿಂದ, ಕಾರಿನ ಪುಸ್ತಕದಲ್ಲಿ ಹೇಳಿದಷ್ಟೇ. ಬ್ರೇಕು, ಸ್ಟಿಯರಿಂಗು, ಸ್ಪ್ರಿಂಗು, ಬೆಸುಗೆ ಇವುಗಳ ತಪ್ಪು ಮಾತ್ರ ಬಹಳ ದಿನ ಅಡಗಿದ್ದು ಪರರ ಮೇಲೂ ಬೀಳುವಂಥದು.

ಕಸಬುದಾರನ ಬೆಲೆ ಇರುವುದೂ ಇಲ್ಲಿಯೇ. ನಾನು ಬೀದರದವನು. ನಮ್ಮೂರಿನ ಬಿದರಿ ಪಾತ್ರೆಗಳು ಕಪ್ಪಾಗುವುದು ಹಳೆಯ ಕೋಟೆಯ ಮಣ್ಣಿನಿಂದ. ಯಾವ ಮಣ್ಣು ಒಳ್ಳೆಯದೆಂಬುದನ್ನು ಕುಶಲಕರ್ಮಿಯು ನಾಲಿಗೆಗೆ ಹಚ್ಚಿ ಹೇಳುತ್ತಾನೆ. ಪುಸ್ತಕ ಓದಿ ನಾನು ನೂರು ಸಲ ಮಣ್ಣು ನೆಕ್ಕಿದರೂ ನನಗೆ ಸಿಗುವುದು ಮಣ್ಣೇ. ಒಳ್ಳೆಯ ಫಿಟ್ಟರನು ಒಂದೇ ಜಾತಿಯ ನೂರಾರು ಕಾರುಗಳ ರೋಗವನ್ನು ಕಂಡಿರುತ್ತಾನೆ. ನಾವು ಕಾಣುವುದು ಒಂದನ್ನು.

ಹಾಗೆಂದು ಗ್ಯಾರೇಜಿನವರೆಲ್ಲರೂ ಧರ್ಮರಾಯರಲ್ಲ. ಬೇಡದ ಭಾಗವನ್ನು ಬದಲಿಸುವವರೂ, ಬದಲಿಸದೆಯೇ ಬಿಲ್ಲು ಬರೆಯುವವರೂ ಉಂಟು. ಆದುದರಿಂದ ಹಳೆಯ ಭಾಗವನ್ನು ಕೇಳಿ ಪಡೆಯಿರಿ. ಕೆಲಸ ನಡೆವಾಗ ಪಕ್ಕದಲ್ಲಿ ನಿಲ್ಲಲು ಬಿಡುವರೇ ಎಂದು ಮೊದಲೇ ವಿಚಾರಿಸಿರಿ. ಬೋಲ್ಟಿನ ಬಿಗಿತ ಎಷ್ಟೆಂದು ಕೇಳಿದರೆ ಅಂಕಿಯನ್ನು ಹೇಳುವವನನ್ನು ನಂಬಬಹುದು. "ಅದೆಲ್ಲ ಕೈಗೇ ಗೊತ್ತು" ಎನ್ನುವವನಿಂದ ಬ್ರೇಕು ಮಾಡಿಸುವುದು ಬೇಡ. ಸ್ವಲ್ಪವನ್ನಾದರೂ ಸ್ವತಃ ಮಾಡಿ ತಿಳಿದವನೇ ಇಂಥ ಪ್ರಶ್ನೆ ಕೇಳಬಲ್ಲನು.

ಕಾನೂನಿನ ಮಾತನ್ನೂ ಮರೆಯುವಂತಿಲ್ಲ. 1988ರ ಮೋಟಾರು ವಾಹನ ಅಧಿನಿಯಮದ 52ನೆಯ ಕಲಮಿನ ಪ್ರಕಾರ, ತಯಾರಕರು ನಮೂದಿಸಿದ ಮೂಲ ವಿವರಗಳಿಗೆ ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸಕೂಡದು. 2019ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವೂ ಇದನ್ನೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಂತೆ, ಅನುಮತಿಯಿಲ್ಲದ ಒಂದೊಂದು ಮಾರ್ಪಾಡಿಗೂ ಮಾಲಿಕನಿಗೆ 5,000 ರೂಪಾಯಿ ದಂಡ, ಇಲ್ಲವೆ ಆರು ತಿಂಗಳವರೆಗೆ ಸೆರೆ, ಇಲ್ಲವೆ ಎರಡೂ. ಮಾಡಿದುದು ಸ್ವಂತ ಕೈಯೋ ಗ್ಯಾರೇಜಿನ ಕೈಯೋ ಎಂದು ಕಾನೂನು ಕೇಳುವುದಿಲ್ಲ. ವಿಮೆಯವರಿಗೆ ತಿಳಿಸದೆ ಮಾರ್ಪಡಿಸಿದರೆ ಅಪಘಾತದ ಪರಿಹಾರಕ್ಕೂ ಕುತ್ತು ಬರಬಹುದು. ಓಟದ ಆಸೆ ಇದ್ದವರಿಗೆ ಕೊಯಮತ್ತೂರಿನಲ್ಲಿಯೂ ಚೆನ್ನೈ ಸಮೀಪದ ಇರುಂಗಾಟ್ಟುಕೋಟ್ಟೈಯಲ್ಲಿಯೂ ಪಂದ್ಯದ ಹಾದಿಗಳಿವೆ.

ಹುಡುಗನು ಆ ದಿನ ಹೆಚ್ಚು ಮಾತನಾಡದೆ ಹೋದನು. ಎಂಜಿನ್ನಿನ ಲೆಕ್ಕ ತಿದ್ದುವುದನ್ನೂ ಸ್ಪ್ರಿಂಗು ಕತ್ತರಿಸುವುದನ್ನೂ ದೊಡ್ಡ ಬ್ರೇಕಿನ ಆಸೆಯನ್ನೂ ಬಿಟ್ಟನೆಂದು ಮುಂದೆ ತಿಳಿಯಿತು. ಪ್ಲಗ್ಗು, ಜಾಳಿಗೆ, ಆಸನಗಳನ್ನು ಎರಡು ರವಿವಾರ ಕುಳಿತು ತಾನೇ ಮಾಡಿದನು. ಸವೆದ ಬ್ರೇಕಿನ ಪ್ಯಾಡುಗಳನ್ನೂ ಎಣ್ಣೆಯನ್ನೂ ಗ್ಯಾರೇಜಿನಲ್ಲಿ ಪಕ್ಕಕ್ಕೆ ನಿಂತು ಬದಲಿಸಿಸಿದನು. ಅವನು ಟರ್ನರನೆಂದು ತಿಳಿದ ಹಿರಿಯ ಫಿಟ್ಟರರು ತಮ್ಮ ಸಾಧನವೊಂದಕ್ಕೆ ಬೇಕಾದ ಬುಶ್ ಮಾಡಿಸಿಕೊಂಡು, ಮಜೂರಿಯಲ್ಲಿ ಅಷ್ಟನ್ನು ಕಳೆದರಂತೆ.

ಈ ಯುಗಾದಿಗೆ ಅವನು ತಾಯಿಯನ್ನು ಕೂಡಿಸಿಕೊಂಡು ಅದೇ ಕಾರಿನಲ್ಲಿ ಬೀದರಕ್ಕೆ ಹೋಗಿಬಂದನು. ಹಿಂದಿನ ಆಸನದಲ್ಲಿ ನಾನೂ ಇದ್ದೆನು.