ರಾಜಿಗಳ ಸಂವಿಧಾನ

ಈಗ ಜಾರಿಯಲ್ಲಿರುವ ಸಂವಿಧಾನ ಅಮೆರಿಕದ ಮೊದಲ ಸಂವಿಧಾನವಲ್ಲ. ಬ್ರಿಟನ್ ಜೊತೆ ಯುದ್ಧ ನಡೆದಿದ್ದಾಗಲೇ, 1777ರಲ್ಲಿ, 13 ರಾಜ್ಯಗಳ ಪ್ರತಿನಿಧಿಗಳು ‘ಆರ್ಟಿಕಲ್ಸ್ ಆಫ್ ಕಾನ್‌ಫೆಡರೇಷನ್’ ಎಂಬ ಒಡಂಬಡಿಕೆಯನ್ನು ಬರೆದುಕೊಂಡಿದ್ದರು. 1781ರಲ್ಲಿ ಅದು ಜಾರಿಗೆ ಬಂತು. ಕಡಲಾಚೆಯ ದೊರೆಯ ಆಳ್ವಿಕೆಯಿಂದ ಬೇಸತ್ತಿದ್ದ ಜನಕ್ಕೆ ಮತ್ತೊಂದು ಬಲಿಷ್ಠ ಸರ್ಕಾರವನ್ನು ತಲೆಯ ಮೇಲೆ ಕೂರಿಸಿಕೊಳ್ಳುವುದು ಬೇಕಿರಲಿಲ್ಲ. ಹಾಗಾಗಿ ಹೊಸ ಒಕ್ಕೂಟಕ್ಕೆ ಕಾರ್ಯಾಂಗದ ಮುಖ್ಯಸ್ಥನಿರಲಿಲ್ಲ, ರಾಷ್ಟ್ರಮಟ್ಟದ ನ್ಯಾಯಾಂಗವಿರಲಿಲ್ಲ, ತೆರಿಗೆ ಹಾಕುವ ಅಧಿಕಾರವೂ ಇರಲಿಲ್ಲ. ಸೈನಿಕರ ಸಂಬಳಕ್ಕೂ ಯುದ್ಧದ ಸಾಲಕ್ಕೂ ಅದು ರಾಜ್ಯಗಳ ಮುಂದೆ ಕೈಚಾಚಬೇಕಿತ್ತು. ಒಡಂಬಡಿಕೆಯನ್ನು ತಿದ್ದಬೇಕಾದರೆ ಹದಿಮೂರೂ ರಾಜ್ಯಗಳು ಒಪ್ಪಬೇಕು. ಆಮದು ಸರಕಿನ ಮೇಲೆ ಶೇ 5ರಷ್ಟು ಸುಂಕ ಹಾಕುವ ಪ್ರಸ್ತಾವವನ್ನು 1782ರಲ್ಲಿ ಪುಟ್ಟ ರೋಡ್ ಐಲೆಂಡ್ ತಡೆದು ನಿಲ್ಲಿಸಿತು.

1786ರಲ್ಲಿ ಪಶ್ಚಿಮ ಮ್ಯಾಸಚೂಸೆಟ್ಸ್‌ನ ರೈತರು ಸಾಲ ಮತ್ತು ತೆರಿಗೆಯ ಹೊರೆ ತಾಳಲಾರದೆ, ಆಸ್ತಿ ಜಪ್ತಿಗೆ ಆದೇಶ ಕೊಡುತ್ತಿದ್ದ ಕೋರ್ಟುಗಳ ಕಲಾಪವನ್ನೇ ನಿಲ್ಲಿಸಿದರು. ಅವರ ಮುಂದಾಳುಗಳಲ್ಲಿ ಒಬ್ಬನಾದ ಡೇನಿಯಲ್ ಷೇಸ್ ಸ್ವಾತಂತ್ರ್ಯ ಯುದ್ಧದಲ್ಲಿ ಹೋರಾಡಿದ್ದವನು. ದಂಗೆಯನ್ನು ಅಡಗಿಸಲು ಕೇಂದ್ರದ ಬಳಿ ಹಣವೂ ಇರಲಿಲ್ಲ, ಪಡೆಯೂ ಇರಲಿಲ್ಲ. ಅದಕ್ಕಾಗಿ ಹೊರಟ ಸೈನ್ಯದ ಖರ್ಚನ್ನು ಬಾಸ್ಟನ್‌ನ ವರ್ತಕರು ಕೊಡಬೇಕಾಯಿತು. ಒಡಂಬಡಿಕೆಯನ್ನು ತಿದ್ದಲೇಬೇಕು ಎಂಬ ಮಾತಿಗೆ ಆಮೇಲೆ ಎಲ್ಲೆಡೆ ಬಲ ಬಂತು.

1787ರ ಮೇ 25ರಂದು ಫಿಲಡೆಲ್ಫಿಯಾದಲ್ಲಿ ಸಮಾವೇಶ ಶುರುವಾಯಿತು. ಅಧ್ಯಕ್ಷತೆ ಜಾರ್ಜ್ ವಾಷಿಂಗ್ಟನ್ ಅವರದು. ರೋಡ್ ಐಲೆಂಡ್ ಬಿಟ್ಟು ಉಳಿದ 12 ರಾಜ್ಯಗಳಿಂದ ಒಟ್ಟು 55 ಮಂದಿ ಬೇರೆ ಬೇರೆ ಹೊತ್ತಿಗೆ ಬಂದು ಸೇರಿದರು. ಹಳೆಯ ಒಡಂಬಡಿಕೆಯನ್ನು ಸರಿಪಡಿಸಲು ಬಂದವರು ಅದನ್ನು ಬದಿಗಿಟ್ಟು ಹೊಸದನ್ನೇ ಬರೆಯತೊಡಗಿದರು. ಕಲಾಪ ಗುಟ್ಟಾಗಿ ನಡೆಯಿತು. ಪ್ರತಿನಿಧಿಗಳಲ್ಲಿ ಒಬ್ಬರಾದ ಜೇಮ್ಸ್ ಮ್ಯಾಡಿಸನ್ ಅದನ್ನು ಬರೆದಿಟ್ಟ ಟಿಪ್ಪಣಿ ಅಚ್ಚಾದದ್ದು 1840ರಲ್ಲಿ, ಅವರು ತೀರಿಕೊಂಡ ಮೇಲೆ. ಆ ಗುಟ್ಟಿನಿಂದಾಗಿ ಪ್ರತಿನಿಧಿಗಳಿಗೆ ಬೆಳಿಗ್ಗೆ ಹೇಳಿದ್ದನ್ನು ಸಂಜೆ ಬದಲಿಸುವ ಸ್ವಾತಂತ್ರ್ಯ ಸಿಕ್ಕಿತು. ಆದರೆ ಆ ಕೋಣೆಯಲ್ಲಿ ಒಬ್ಬ ಹೆಣ್ಣುಮಗಳೂ ಇರಲಿಲ್ಲ, ಕಪ್ಪು ಜನರಾಗಲೀ ಮೂಲನಿವಾಸಿಗಳಾಗಲೀ ಇರಲಿಲ್ಲ. ಕೂತಿದ್ದವರಲ್ಲಿ ಹತ್ತಿರಹತ್ತಿರ ಅರ್ಧದಷ್ಟು ಜನ ಗುಲಾಮರ ಒಡೆಯರು. ಮುಂದಿನ ರಾಜಿಗಳನ್ನು ಅರಿಯಲು ಇಷ್ಟನ್ನು ನೆನಪಿಡಬೇಕು.

ಮೊದಲ ಜಗಳ ಪ್ರಾತಿನಿಧ್ಯದ್ದು. ಜನಸಂಖ್ಯೆಗೆ ತಕ್ಕ ಸ್ಥಾನ ಬೇಕೆಂದು ವರ್ಜೀನಿಯಾದಂಥ ದೊಡ್ಡ ರಾಜ್ಯಗಳು ಹಟ ಹಿಡಿದವು. ಹಳೆಯ ಪದ್ಧತಿಯಂತೆ ರಾಜ್ಯಕ್ಕೊಂದು ಮತವೇ ಇರಲಿ ಎಂದು ನ್ಯೂಜೆರ್ಸಿ, ಡೆಲಾವೇರ್‌ನಂಥವು ಪಟ್ಟು ಬಿಡಲಿಲ್ಲ. ಕನೆಕ್ಟಿಕಟ್‌ನವರು ಮುಂದಿಟ್ಟ ರಾಜಿಯ ಪ್ರಕಾರ ಪ್ರತಿನಿಧಿ ಸಭೆಯಲ್ಲಿ ಜನಸಂಖ್ಯೆಗೆ ತಕ್ಕಂತೆ ಸ್ಥಾನ, ಸೆನೆಟ್‌ನಲ್ಲಿ ಎಲ್ಲ ರಾಜ್ಯಗಳಿಗೂ ಸಮಪಾಲು. ಜುಲೈ 16ರಂದು ಅದು ಐದಕ್ಕೆ ನಾಲ್ಕು ರಾಜ್ಯಗಳ ಮತಗಳಿಂದ ಗೆದ್ದಿತು. ಆ ಒಂದು ಮತ ಅತ್ತಿತ್ತ ಆಗಿದ್ದರೆ ಸಮಾವೇಶವೇ ಮುರಿದುಬೀಳುವ ಸಾಧ್ಯತೆ ಇತ್ತು.

ಎರಡನೆಯ ರಾಜಿಗೆ ಕ್ಷಮೆ ಇಲ್ಲ. ತಮ್ಮ ಗುಲಾಮರನ್ನೂ ಜನಸಂಖ್ಯೆಯ ಲೆಕ್ಕಕ್ಕೆ ಹಿಡಿಯಬೇಕೆಂದು ದಕ್ಷಿಣದವರು ಕೇಳಿದರು. ಆ ಗುಲಾಮರಿಗೆ ಮತದ ಹಕ್ಕು ಕೊಡುವ ಮಾತು ಮಾತ್ರ ಇರಲಿಲ್ಲ. ಐದು ಗುಲಾಮರನ್ನು ಮೂವರೆಂದು ಎಣಿಸುವುದು ಎಂದು ತೀರ್ಮಾನವಾಯಿತು. 1808ಕ್ಕೆ ಮುಂಚೆ ಗುಲಾಮರ ಆಮದನ್ನು ಸಂಸತ್ತು, ಅಂದರೆ ಕಾಂಗ್ರೆಸ್, ನಿಷೇಧಿಸಕೂಡದು ಎಂಬ ವಿಧಿಯೂ, ಓಡಿಹೋದವರನ್ನು ಒಡೆಯರಿಗೆ ಒಪ್ಪಿಸಬೇಕೆಂಬ ವಿಧಿಯೂ ಸೇರಿದವು.

ಈ ಎರಡೂ ರಾಜಿಗಳು ಅಧ್ಯಕ್ಷರ ಆಯ್ಕೆಯಲ್ಲಿ ಒಂದಾದವು. ಜನರೇ ನೇರವಾಗಿ ಆರಿಸಲಿ ಎಂದು ಪೆನ್ಸಿಲ್ವೇನಿಯಾದ ಜೇಮ್ಸ್ ವಿಲ್ಸನ್ ಹೇಳಿದರು. ಹಾಗಾದರೆ ಮತವಿಲ್ಲದ ಗುಲಾಮರೇ ತುಂಬಿರುವ ದಕ್ಷಿಣಕ್ಕೆ ಪ್ರಭಾವ ಉಳಿಯದು ಎಂಬುದನ್ನು ಮ್ಯಾಡಿಸನ್ ಗುರುತಿಸಿದರು. ಕೊನೆಗೆ ಸೆಪ್ಟೆಂಬರ್‌ನಲ್ಲಿ ಸಮಿತಿಯೊಂದು ಎಲೆಕ್ಟೋರಲ್ ಕಾಲೇಜ್ ಸೂತ್ರವನ್ನು ತಂದಿತು. ಪ್ರತಿ ರಾಜ್ಯಕ್ಕೂ ಕಾಂಗ್ರೆಸ್‌ನ ಎರಡು ಸದನಗಳಲ್ಲಿ ಅದಕ್ಕಿರುವ ಸದಸ್ಯರ ಸಂಖ್ಯೆಯಷ್ಟು ಮತದಾರ ಪ್ರತಿನಿಧಿಗಳು. ಸಣ್ಣ ರಾಜ್ಯಗಳ ಸಮಪಾಲೂ ಗುಲಾಮರ ಲೆಕ್ಕದ ಲಾಭವೂ ಹೀಗೆ ಅಧ್ಯಕ್ಷ ಪದವಿಗೆ ಹರಿದವು. ಮೊದಲ 36 ವರ್ಷಗಳಲ್ಲಿ 32 ವರ್ಷ ಆ ಪದವಿಯಲ್ಲಿದ್ದವರು ವರ್ಜೀನಿಯಾದವರು.

ಸೆಪ್ಟೆಂಬರ್ 17ರಂದು 39 ಮಂದಿ ಸಹಿ ಹಾಕಿದರು. ಹಕ್ಕುಗಳ ಪಟ್ಟಿಯೇ ಇಲ್ಲವೆಂದು ಆಕ್ಷೇಪಿಸಿ ಪ್ರತಿನಿಧಿ ಜಾರ್ಜ್ ಮೇಸನ್ ಸಹಿಗೆ ಒಲ್ಲೆ ಎಂದರು. ಒಂಬತ್ತು ರಾಜ್ಯಗಳ ಒಪ್ಪಿಗೆ ಸಾಕಿತ್ತು. 1788ರ ಜೂನ್‌ನಲ್ಲಿ ನ್ಯೂಹ್ಯಾಂಪ್‌ಷೈರ್ ಒಂಬತ್ತನೆಯದಾಯಿತು. ವರ್ಜೀನಿಯಾದಲ್ಲಿ 89–79, ನ್ಯೂಯಾರ್ಕ್‌ನಲ್ಲಿ 30–27 ಮತಗಳ ಅಲ್ಪ ಅಂತರದಲ್ಲಿ ಅಂಗೀಕಾರ ಸಿಕ್ಕಿತು. ಮೇಸನ್ ಅವರಂಥ ವಿರೋಧಿಗಳು ಸೋತರೂ ಅವರ ಬೇಡಿಕೆ ಸೋಲಲಿಲ್ಲ. ವಾಕ್ ಸ್ವಾತಂತ್ರ್ಯ, ಧಾರ್ಮಿಕ ಸ್ವಾತಂತ್ರ್ಯ, ಜೂರಿ ವಿಚಾರಣೆಯ ಹಕ್ಕುಗಳುಳ್ಳ ಹತ್ತು ತಿದ್ದುಪಡಿಗಳು 1791ರಲ್ಲಿ ಸೇರಿದವು. ಸಂವಿಧಾನದ ಅತ್ಯಂತ ಪ್ರೀತಿಯ ಭಾಗವನ್ನು ಅಮೆರಿಕನ್ನರಿಗೆ ಕೊಡಿಸಿದವರು ಅದನ್ನು ವಿರೋಧಿಸಿದವರು.

ಇಡೀ ವ್ಯವಸ್ಥೆಯ ಗಟ್ಟಿತನ ಇರುವುದು ಅಧಿಕಾರದ ಹಂಚಿಕೆಯಲ್ಲಿ. ಕಾನೂನು ಮಾಡುವವರು, ಜಾರಿಗೆ ತರುವವರು, ಅದರ ಅರ್ಥ ಹೇಳುವವರು ಬೇರೆ ಬೇರೆ. ಒಬ್ಬರ ಕೈಯನ್ನು ಇನ್ನೊಬ್ಬರು ಹಿಡಿಯಬಹುದು. 1803ರ ಮಾರ್ಬರಿ ಪ್ರಕರಣದಲ್ಲಿ ಮುಖ್ಯ ನ್ಯಾಯಮೂರ್ತಿ ಜಾನ್ ಮಾರ್ಷಲ್, ಸಂವಿಧಾನಕ್ಕೆ ವಿರುದ್ಧವಾದ ಕಾಯ್ದೆ ಊರ್ಜಿತವಲ್ಲ ಎಂದು ಸಾರಿದರು. ಕೊರಿಯಾ ಯುದ್ಧದ ಹೊತ್ತಿನಲ್ಲಿ ಅಧ್ಯಕ್ಷ ಟ್ರೂಮನ್ ಉಕ್ಕಿನ ಕಾರ್ಖಾನೆಗಳನ್ನು ವಶಕ್ಕೆ ಪಡೆದಾಗ, 1952ರಲ್ಲಿ ಸುಪ್ರೀಂ ಕೋರ್ಟ್ ಅದು ಅವರ ಅಧಿಕಾರ ಮೀರಿದ್ದು ಎಂದಿತು. ಅವರು ಕಾರ್ಖಾನೆಗಳನ್ನು ಬಿಟ್ಟುಕೊಟ್ಟರು. 1974ರ ಜುಲೈನಲ್ಲಿ ಅಧ್ಯಕ್ಷ ನಿಕ್ಸನ್ ತಮ್ಮ ಧ್ವನಿಮುದ್ರಿಕೆಗಳನ್ನು ಒಪ್ಪಿಸಬೇಕೆಂದು ಎಂಟು ನ್ಯಾಯಮೂರ್ತಿಗಳು ಒಮ್ಮತದಿಂದ ತೀರ್ಪಿತ್ತರು; ಆಗಸ್ಟ್ 9ರಂದು ನಿಕ್ಸನ್ ಪದವಿ ತೊರೆದರು. ಸೈನ್ಯದ ಬಲವಿಲ್ಲದ ನ್ಯಾಯಾಲಯದ ಮಾತಿಗೆ ಸೈನ್ಯದ ದಂಡನಾಯಕನೇ ತಲೆಬಾಗಿದ್ದು ದೊಡ್ಡ ಸಂಗತಿ.

ಅದೇ ನ್ಯಾಯಾಲಯ ಜನರ ವಿರುದ್ಧ ನಿಂತದ್ದೂ ಇದೆ. ಕಪ್ಪು ಜನರು ಅಮೆರಿಕದ ಪ್ರಜೆಗಳಾಗಲಾರರು ಎಂದು 1857ರ ಡ್ರೆಡ್ ಸ್ಕಾಟ್ ತೀರ್ಪು ಹೇಳಿತು. ಫಿಲಡೆಲ್ಫಿಯಾದ ರಾಜಿಯನ್ನು ಬಿಡಿಸಲು ಆರು ಲಕ್ಷಕ್ಕೂ ಹೆಚ್ಚು ಜೀವಗಳನ್ನು ತೆಗೆದುಕೊಂಡ ಅಂತರ್ಯುದ್ಧ ಬೇಕಾಯಿತು. 13, 14, 15ನೆಯ ತಿದ್ದುಪಡಿಗಳು ಬಂದದ್ದು ಆಮೇಲೆ. ಮುಂದೆ 14ನೆಯ ತಿದ್ದುಪಡಿಯ ‘ಡ್ಯೂ ಪ್ರೊಸೆಸ್’ ವಿಧಿಯನ್ನೇ ಹಿಡಿದು, ಬೇಕರಿ ಕಾರ್ಮಿಕರ ದುಡಿಮೆಯನ್ನು ವಾರಕ್ಕೆ 60 ಗಂಟೆಗೆ ಮಿತಗೊಳಿಸಿದ್ದ ನ್ಯೂಯಾರ್ಕ್ ಕಾಯ್ದೆಯನ್ನು ಸುಪ್ರೀಂ ಕೋರ್ಟ್ 1905ರಲ್ಲಿ ರದ್ದು ಮಾಡಿತು. ಭಾರತದ ಸಂವಿಧಾನ ರಚನಾ ಸಭೆಯ ಸಲಹೆಗಾರರಾಗಿದ್ದ, ಮಂಗಳೂರಿನಲ್ಲಿ ಹುಟ್ಟಿದ ಬೆನಗಲ್ ನರಸಿಂಗ ರಾವ್ 1947ರಲ್ಲಿ ಅಮೆರಿಕಕ್ಕೆ ಹೋದಾಗ ನ್ಯಾಯಮೂರ್ತಿ ಫೆಲಿಕ್ಸ್ ಫ್ರಾಂಕ್‌ಫರ್ಟರ್ ಎಚ್ಚರಿಸಿದ್ದು ಈ ಬಗೆಯ ಅಪಾಯವನ್ನೇ. ನಮ್ಮ 21ನೆಯ ವಿಧಿಯಲ್ಲಿ ‘ಡ್ಯೂ ಪ್ರೊಸೆಸ್’ ಬದಲು ‘ಕಾನೂನಿನಿಂದ ಸ್ಥಾಪಿತವಾದ ಪ್ರಕ್ರಿಯೆ’ ಎಂಬುದು ಬಂದದ್ದರ ಹಿಂದೆ ಆ ಭೇಟಿ ಇದೆ.

ಸಂವಿಧಾನ ಬರೆದವರು ರಾಜಕೀಯ ಪಕ್ಷಗಳನ್ನು ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. ಕಾಂಗ್ರೆಸ್ ತನ್ನ ಅಧಿಕಾರವನ್ನು ತಾನೇ ಕಾಯ್ದುಕೊಳ್ಳುತ್ತದೆ ಎಂದು ನಂಬಿದ್ದರು. ಸದಸ್ಯರು ಸದನಕ್ಕಿಂತ ಪಕ್ಷಕ್ಕೆ ನಿಷ್ಠರಾದಾಗ ಆ ನಂಬಿಕೆ ಕುಸಿಯುತ್ತದೆ. ವಾಗ್ದಂಡನೆಗೆ ಗುರಿಯಾದ ಮೂವರು ಅಧ್ಯಕ್ಷರಲ್ಲಿ ಯಾರನ್ನೂ ಸೆನೆಟ್ ಪದಚ್ಯುತಗೊಳಿಸಿಲ್ಲ. ಅದಕ್ಕೆ ಮೂರನೇ ಎರಡರಷ್ಟು ಮತ ಬೇಕು. ಅಧ್ಯಕ್ಷರೂ ಕಾಂಗ್ರೆಸ್ಸೂ ಎದುರುಬದುರಾದರೆ ಜಗಳ ಬಿಡಿಸಲು ನಡುವೆ ಚುನಾವಣೆ ಕರೆಯುವ ದಾರಿಯಿಲ್ಲ. ಅಂಥ ಜಗಳದಿಂದಲೇ 2018ರ ಡಿಸೆಂಬರ್‌ನಿಂದ 2019ರ ಜನವರಿವರೆಗೆ 35 ದಿನ ಸರ್ಕಾರದ ಹಲವು ಇಲಾಖೆಗಳು ಬಾಗಿಲು ಹಾಕಿದ್ದವು.

ಇವನ್ನೆಲ್ಲ ಸರಿಪಡಿಸಲು ಇರುವ ದಾರಿ ಬಲು ಕಿರಿದು. ತಿದ್ದುಪಡಿಗೆ ಸಾಮಾನ್ಯವಾಗಿ ಎರಡೂ ಸದನಗಳ ಮೂರನೇ ಎರಡರಷ್ಟು ಬೆಂಬಲ, ಆಮೇಲೆ 50ರಲ್ಲಿ 38 ರಾಜ್ಯಗಳ ಒಪ್ಪಿಗೆ ಬೇಕು. ಇಲ್ಲಿಯವರೆಗೆ ಆಗಿರುವುದು 27 ಮಾತ್ರ. ಎಲೆಕ್ಟೋರಲ್ ಕಾಲೇಜನ್ನು ರದ್ದುಪಡಿಸುವ ತಿದ್ದುಪಡಿಯನ್ನು 1969ರಲ್ಲಿ ಪ್ರತಿನಿಧಿ ಸಭೆ 338–70 ಮತಗಳಿಂದ ಒಪ್ಪಿತ್ತು. ಮರುವರ್ಷ ಸೆನೆಟ್‌ನಲ್ಲಿ ಸಣ್ಣ ರಾಜ್ಯಗಳ ಮತ್ತು ದಕ್ಷಿಣದ ಸದಸ್ಯರು ಚರ್ಚೆಯನ್ನು ಎಳೆದೆಳೆದು ಅದನ್ನು ಮುಳುಗಿಸಿದರು. 2000 ಮತ್ತು 2016ರಲ್ಲಿ ದೇಶದಾದ್ಯಂತ ಕಡಿಮೆ ಮತ ಪಡೆದವರೇ ಅಧ್ಯಕ್ಷರಾದರು. ಸೆನೆಟ್‌ನಲ್ಲಿ ಸಮಪಾಲು ಪಡೆದ ರಾಜ್ಯಗಳ ನಡುವಿನ ಅಂತರವೂ ಹಿಗ್ಗಿದೆ. 1790ರಲ್ಲಿ ವರ್ಜೀನಿಯಾದ ಜನಸಂಖ್ಯೆ ಡೆಲಾವೇರ್‌ನದರ 12 ಪಟ್ಟಿಗಿಂತ ತುಸು ಹೆಚ್ಚಿತ್ತು. 2020ರ ಜನಗಣತಿಯಂತೆ ಸುಮಾರು 3.95 ಕೋಟಿ ಜನರಿರುವ ಕ್ಯಾಲಿಫೋರ್ನಿಯಾ, 5.77 ಲಕ್ಷದ ವಯೋಮಿಂಗ್‌ಗಿಂತ 68 ಪಟ್ಟು ದೊಡ್ಡದು. ಸೆನೆಟ್‌ನಲ್ಲಿ ಎರಡಕ್ಕೂ ತಲಾ ಎರಡೇ ಸ್ಥಾನ. ಯಾವ ರಾಜ್ಯದ ಈ ಸಮಪಾಲನ್ನೂ ಅದರ ಒಪ್ಪಿಗೆಯಿಲ್ಲದೆ ಕಸಿಯುವಂತಿಲ್ಲ ಎಂದು ತಿದ್ದುಪಡಿಯ ವಿಧಿಯಲ್ಲೇ ಬರೆದಿದೆ.