ಮಕ್ಕಳ ಆಟಕ್ಕೆ ಹುಣಸೆ ಬೀಜ, ತೆಂಗಿನ ಚಿಪ್ಪು ಸಾಕು. ಆದ್ರೆ ಗುಲಗಂಜಿ, ಹರಳು ಬೀಜ ಒಳಗೆ ಬೇಡ

ಹಿನಕಲ್: ಮೂರರಿಂದ ಆರು ವರ್ಷದ ಮಕ್ಕಳಿಗೆ ಆಟದ ಸಾಮಾನು ಅಂದ್ರೆ ಅಂಗಡಿಯ ಪ್ಲಾಸ್ಟಿಕ್ ಸೆಟ್ಟೇ ಆಗಬೇಕು ಅಂತೇನಿಲ್ಲ. ಹೋಟೆಲ್ ಅಡುಗೆಮನೆ, ಜೋಳ ಸುಡೋ ಗಾಡಿ, ಮನೆ ಮುಂದಿನ ಮರ, ಇಷ್ಟರಲ್ಲೇ ಒಂದು ಬುಟ್ಟಿ ಸಾಮಾನು ಸಿಗುತ್ತೆ. ಅಂಗನವಾಡಿ, ಪ್ಲೇ ಹೋಮ್, ಮನೆ, ಎಲ್ಲಿ ಬೇಕಾದ್ರೂ ಬಳಸಬಹುದು. ಆದ್ರೆ ಯಾವುದು ಒಳಗೆ ಬರಬೇಕು, ಯಾವುದು ಬರಬಾರದು ಅನ್ನೋದನ್ನ ದೊಡ್ಡವರೇ ಆರಿಸಬೇಕು.

ಇದರಿಂದ ಏನು ಕಲೀತಾರೆ?

ಪ್ಲಾಸ್ಟಿಕ್ ಕಾರು ಯಾವಾಗಲೂ ಕಾರೇ. ತೆಂಗಿನ ಚಿಪ್ಪು ಹಾಗಲ್ಲ. ಒಂದು ಸಲ ಪಾತ್ರೆ, ಇನ್ನೊಂದು ಸಲ ತಕ್ಕಡಿ, ಮತ್ತೊಂದು ಸಲ ಆಮೆ. ಏನು ಅಂತ ಮಗುವೇ ತೀರ್ಮಾನ ಮಾಡುತ್ತೆ. ಬೀಜ ಎಣಿಸೋದು, ಎಲೆಗಳನ್ನ ದೊಡ್ಡದು ಚಿಕ್ಕದು ಅಂತ ಜೋಡಿಸೋದು ಲೆಕ್ಕದ ಮೊದಲ ಪಾಠ. ಸಣ್ಣ ವಸ್ತು ಹಿಡಿದು ಹಿಡಿದು ಬೆರಳಿಗೆ ಬರೋ ಹಿಡಿತ ಮುಂದೆ ಪೆನ್ಸಿಲ್ ಹಿಡಿಯೋಕೆ ಬೇಕು.

ನಮ್ಮ ಕಡೆ ಇದು ಹೊಸದೇನಲ್ಲ. ಅಜ್ಜಿಯರು 14 ಗುಳಿಯ ಅಳಗುಳಿ ಮಣೆ ಆಡಿದ್ದು ಹುಣಸೆ ಬೀಜದಲ್ಲೇ. ರಾಜ್ಯದಲ್ಲಿ ಅಂಗನವಾಡಿ ಯೋಜನೆ 1975ರ ಅಕ್ಟೋಬರ್ 2ರಂದು ಮೊದಲು ಶುರುವಾಗಿದ್ದೂ ನಮ್ಮದೇ ಜಿಲ್ಲೆಯ ಟಿ. ನರಸೀಪುರದಲ್ಲಿ. 3ರಿಂದ 8 ವರ್ಷದ ಮಕ್ಕಳಿಗಾಗಿ 2022ರ ಅಕ್ಟೋಬರ್‌ನಲ್ಲಿ ಬಂದ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಕೂಡ ಆಟದ ಮೂಲಕವೇ ಕಲಿಸಿ, ಸುತ್ತಮುತ್ತ ಸಿಗೋ ವಸ್ತು ಬಳಸಿ ಅನ್ನುತ್ತೆ.

ಏನು ತರಬಹುದು?

ತೆಂಗಿನ ಚಿಪ್ಪು (ಅಂಚು ಉಜ್ಜಿ ನಯ ಮಾಡಿ), ತೆಂಗಿನ ಗರಿ, ಜೋಳದ ದಿಂಡು, ಹೀರೆಕಾಯಿ ನಾರು, ಅರಳಿ ಎಲೆ, ಅಂಗೈ ಅಗಲದ ನುಣುಪು ಕಲ್ಲು, ಒಣಗಿದ ಗುಲ್‌ಮೊಹರ್ ಕಾಯಿ. ಈ ಕಾಯಿ ಅಲ್ಲಾಡಿಸಿದ್ರೆ ಗಿಲಕಿ ಥರ ಸದ್ದು ಮಾಡುತ್ತೆ. ಒಡೆದು ಬೀಜ ಹೊರಗೆ ಬಂದ್ರೆ ಎಸೆದುಬಿಡಿ. ತೊಳೆಯೋಕಾಗೋದನ್ನ ತೊಳೆದು, ಎರಡು ದಿನ ಚೆನ್ನಾಗಿ ಬಿಸಿಲಿಗೆ ಹಾಕಿ. ಹಸಿ ಇದ್ರೆ ಬೂಷ್ಟು ಬರುತ್ತೆ, ಹುಳ ಬೀಳುತ್ತೆ. ಹಳೇದಾದ್ದನ್ನ ಆಗಾಗ ಎಸೆದು ಹೊಸದು ತುಂಬಿ.

ಏನು ತರಲೇಬಾರದು?

ಕೆಂಪು-ಕಪ್ಪು ಗುಲಗಂಜಿ, ಚುಕ್ಕೆ ಚುಕ್ಕೆಯ ಹರಳು (ಔಡಲ) ಬೀಜ ನೋಡೋಕೆ ಚೆಂದ, ಅದಕ್ಕೇ ಮಕ್ಕಳ ಕೈ ಮೊದಲು ಅಲ್ಲಿಗೇ ಹೋಗುತ್ತೆ. ಎರಡೂ ಕಡು ವಿಷ. ಗಟ್ಟಿ ಸಿಪ್ಪೆ ಒಡೆಯೋ ಹಾಗೆ ಅಗಿದ್ರೆ ಜೀವಕ್ಕೇ ಅಪಾಯ. ಸರ ಮಾಡೋಕೆ ತೂತು ಹಾಕಿದ ಗುಲಗಂಜಿ ಇನ್ನೂ ಡೇಂಜರ್. ಗಂಟೆಯಾಕಾರದ ಹಳದಿ ಹೂ ಬಿಡೋ ಕಣಗಿಲೆಯ ಕಾಯಿ, ಉಮ್ಮತ್ತಿ ಕಾಯಿ ಕೂಡ ಬೇಡ. ಖಾಲಿ ಸೈಟ್‌ಗಳಲ್ಲಿ ಬೆಳೆಯೋ ಕಾಂಗ್ರೆಸ್ ಗಿಡದ ಹೂವಿಂದ ಮೈ ಕಡಿತ, ಉಬ್ಬಸ ಬರಬಹುದು.

ಮೂರು ವರ್ಷದೊಳಗಿನ ಮಕ್ಕಳಿಗೆ ಹುಣಸೆ ಬೀಜವೂ ಬೇಡ. 3-4 ಸೆಂ.ಮೀ.ಗಿಂತ ಚಿಕ್ಕದು ಗಂಟಲಲ್ಲಿ ಸಿಕ್ಕಿಕೊಳ್ಳುತ್ತೆ. ಮೂಗಿಗೆ ಹೋದ ಬೀಜ ತೇವಕ್ಕೆ ಊದಿಕೊಳ್ಳುತ್ತೆ. ಮನೆಯಲ್ಲಿ ಕಡ್ಡಿ ಹಾಕಿ ತೆಗೆಯೋಕೆ ಹೋಗಬೇಡಿ. ದೊಡ್ಡ ಮಕ್ಕಳು ಬೀಜದಲ್ಲಿ ಆಡುವಾಗಲೂ ಒಬ್ಬರು ಪಕ್ಕದಲ್ಲಿರಬೇಕು. ಆಟಕ್ಕೆ ಮುಂಚೆ ಎಣಿಸಿ ಕೊಡಿ, ಮುಗಿದ ಮೇಲೆ ಎಣಿಸಿ ತಗೊಳ್ಳಿ.

ವಿಷದ ಬೀಜ ನುಂಗಿದ ಅನುಮಾನ ಬಂದ್ರೂ ವಾಂತಿ, ಭೇದಿ ಬರಲಿ ಅಂತ ಕಾಯಬೇಡಿ. ಲಕ್ಷಣ ಕಾಣೋಕೆ ಗಂಟೆಗಳೇ ಹಿಡಿಯಬಹುದು. ಉಪ್ಪುನೀರು ಕುಡಿಸಿ ವಾಂತಿ ಮಾಡಿಸಬೇಡಿ. 108ಕ್ಕೆ ಫೋನ್ ಮಾಡಿ, ಅದೇ ಬೀಜ ಒಂದನ್ನ ಜೊತೆಗೆ ತಗೊಂಡು ಆಸ್ಪತ್ರೆಗೆ ಹೋಗಿ. ಡಾಕ್ಟರ್‌ಗೆ ಗುರುತು ಹಿಡಿಯೋಕೆ ಸುಲಭ.

ಅಂಗಡಿಯವರು ಏನು ಮಾಡಬಹುದು?

ಹೋಟೆಲ್‌ನವರು ಒಡೆದ ಚಿಪ್ಪು, ಜೋಳದ ಗಾಡಿಯವರು ದಿಂಡು, ದಿನಸಿ ಅಂಗಡಿಯವರು ಖಾಲಿ ಗೋಣಿಚೀಲ ಎತ್ತಿಟ್ಟು ಹತ್ತಿರದ ಅಂಗನವಾಡಿಗೆ ಕೊಡಬಹುದು. ಕಾರ್ಪೆಂಟರ್‌ಗಳು ಬಣ್ಣ, ಪಾಲಿಶ್ ಹಚ್ಚದ ಮರದ ತುಂಡನ್ನ ಮರಳು ಕಾಗದದಲ್ಲಿ ಉಜ್ಜಿ ಕೊಟ್ರೆ ಸಾಕು. ಕೀಟನಾಶಕ, ರಸಗೊಬ್ಬರ ತುಂಬಿದ್ದ ಚೀಲ ಮಾತ್ರ ಖಂಡಿತ ಕೊಡಬೇಡಿ. ಕೊಡೋಕೆ ಮುಂಚೆ ಏನು ಬೇಕು, ಎಷ್ಟು ಬೇಕು ಅಂತ ಕಾರ್ಯಕರ್ತೆಯರನ್ನ ಒಂದು ಮಾತು ಕೇಳಿ.